ಹತ್ತನೇ ತರಗತಿಯ ಆಚೆಗಿನ ಹಸಿವು

ಬೆಳಗಿನ ಏಳೂವರೆಯ ಹೊತ್ತಿಗೆ ಬಾಳ್ಳುಪೇಟೆಯ ಹೆದ್ದಾರಿಯ ಎರಡು ಬದಿಗಳಲ್ಲಿ ಎರಡು ಗುಂಪುಗಳು ಬಸ್ಸಿಗಾಗಿ ಕಾಯುತ್ತಿರುತ್ತವೆ. ಒಂದು ಗುಂಪು ಸಕಲೇಶಪುರದ ಕಡೆಗೆ ಹೋಗುವುದು, ಇನ್ನೊಂದು ಆಲೂರು-ಹಾಸನಗಳ ಕಡೆಗೆ. ಇವರಲ್ಲಿ ಬಹಳ ಮಂದಿ ಕಾಲೇಜು ವಿದ್ಯಾರ್ಥಿಗಳು. ಒಳಗಿನ ಹಳ್ಳಿಗಳಿಂದಲೂ ತೋಟಗಳ ಲೈನ್ ಮನೆಗಳಿಂದಲೂ ನಡೆದೇ ಇಲ್ಲಿಗೆ ತಲುಪಿದವರು. ರಾತ್ರಿ ಆನೆ ದಾಟಿದ ಸುದ್ದಿ ಬಂದ ದಿನ, ಬೆಳಕು ಪೂರ್ತಿ ಹರಿಯುವವರೆಗೆ ಮನೆಯಲ್ಲೇ ಕಾದು, ಆಮೇಲೆ ಓಡೋಡಿ ಬಂದವರೂ ಉಂಟು. ಅನೇಕರ ಹೊಟ್ಟೆಯಲ್ಲಿರುವುದು ಒಂದು ಲೋಟ ಕಾಫಿ. ಅದೃಷ್ಟವಿದ್ದರೆ ಜೊತೆಗೊಂದು ಅಕ್ಕಿ ರೊಟ್ಟಿ. ಮರಳಿ ಮನೆ ಸೇರುವಾಗ ಸಂಜೆ ಐದೋ ಆರೋ ಗಂಟೆ. ನಡುವಿನ ಹತ್ತು ಗಂಟೆಗಳಲ್ಲಿ ಈ ಮಕ್ಕಳು ಏನನ್ನು ತಿನ್ನುತ್ತಾರೆ ಎಂದು ಕೇಳುವವರು ವಿರಳ.

ಮಲೆನಾಡಿನ ಪರಿಸರದ ಚರ್ಚೆಗಳಲ್ಲಿ ಕಾಡಿಗೆ, ಹೊಳೆಗೆ, ಆನೆಗೆ, ಅಣೆಕಟ್ಟಿಗೆ ಸ್ಥಾನ ದೊರೆತಿದೆ. ಕಾಲೇಜು ವಿದ್ಯಾರ್ಥಿಯ ಮಧ್ಯಾಹ್ನದ ಊಟಕ್ಕೆ ಅಲ್ಲಿ ಸ್ಥಾನ ದೊರೆತದ್ದು ಕಡಿಮೆ. ಆದರೆ ಆ ಊಟಕ್ಕೂ ಬೆಟ್ಟದ ಬುಡದಲ್ಲಿ ಹಡ್ಲು ಬಿದ್ದಿರುವ ಗದ್ದೆಗೂ ಹತ್ತಿರದ ಸಂಬಂಧವಿದೆ. ಒಂದನ್ನು ಸರಿಪಡಿಸಲು ಹೊರಟವರು ಇನ್ನೊಂದನ್ನು ಮರೆಯುವಂತಿಲ್ಲ.

ಗೆರೆ ಎಳೆದ ಜಾಗ

ಶಾಲಾ ಮಕ್ಕಳಿಗೆ ಬೇಯಿಸಿದ ಊಟವನ್ನೇ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್ ತಿಂಗಳಿನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳ ಪ್ರಾಥಮಿಕ ಶಾಲೆಗಳಲ್ಲಿ ಅಕ್ಷರ ದಾಸೋಹ ಪ್ರಾರಂಭವಾಯಿತು. 2003ರಲ್ಲಿ ಅದು ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು; 2004ರಲ್ಲಿ ಹಿರಿಯ ಪ್ರಾಥಮಿಕ ತರಗತಿಗಳನ್ನು, 2007ರಲ್ಲಿ ಪ್ರೌಢಶಾಲೆಗಳನ್ನು ತನ್ನೊಳಗೆ ಸೇರಿಸಿಕೊಂಡಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂದಿತು. ಅನಂತರದ ವರ್ಷಗಳಲ್ಲಿ ಮೊಟ್ಟೆ, ಅದನ್ನು ಒಲ್ಲದವರಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ ಸೇರಿದವು. ಮಲೆನಾಡಿನ ಬಡ ಮನೆಗಳ ಮಕ್ಕಳು ಶಾಲೆಯನ್ನು ಬಿಡದೆ ಉಳಿದದ್ದರಲ್ಲಿ ಈ ಬಿಸಿಯೂಟದ ಪಾಲನ್ನು ಕಡೆಗಣಿಸಲಾಗದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೇಂದ್ರದ ಮಧ್ಯಾಹ್ನದ ಊಟದ ಯೋಜನೆಯ ವ್ಯಾಪ್ತಿ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಊಟ ಹಾಕುವ ತೀರ್ಮಾನವನ್ನು ರಾಜ್ಯವು ತನ್ನದೇ ಬೊಕ್ಕಸದಿಂದ ಕೈಗೊಂಡಿತು. ಹದಿನೈದು ವರ್ಷದ ಮಗುವಿನ ಹಸಿವು ಹದಿಮೂರು ವರ್ಷದ ಮಗುವಿನ ಹಸಿವಿಗಿಂತ ಭಿನ್ನವಲ್ಲವೆಂದು ರಾಜ್ಯವು 2007ರಲ್ಲಿಯೇ ಒಪ್ಪಿಕೊಂಡಿತು ಎಂದೇ ಇದರ ಅರ್ಥ. ಹಾಗಾದರೆ ಹದಿನಾರು ವರ್ಷದ ಮಗುವಿನ ಹಸಿವು ಹೇಗೆ ಭಿನ್ನವಾಯಿತು?

ಈ ಪ್ರಶ್ನೆಯ ತೀಕ್ಷ್ಣತೆ ತಿಳಿಯಬೇಕಾದರೆ ಯಾವುದಾದರೊಂದು ಸಂಯುಕ್ತ ಪದವಿ ಪೂರ್ವ ಕಾಲೇಜಿಗೆ ಹೋಗಬೇಕು. ಅಲ್ಲಿ ಪ್ರೌಢಶಾಲೆ ಮತ್ತು ಪದವಿ ಪೂರ್ವ ತರಗತಿಗಳು ಒಂದೇ ಆವರಣದಲ್ಲಿರುತ್ತವೆ. ಅಡುಗೆಮನೆ ಒಂದು, ನೀರಿನ ತೊಟ್ಟಿ ಒಂದು, ಗಂಟೆ ಒಂದು. ಮಧ್ಯಾಹ್ನ ಸಾಂಬಾರಿನ ಪರಿಮಳ ಎಲ್ಲ ಕೊಠಡಿಗಳಿಗೂ ಹಬ್ಬುತ್ತದೆ. ಆದರೆ ಅನ್ನ ಅಳೆಯುವ ಲೆಕ್ಕದ ಪುಸ್ತಕದಲ್ಲಿ ಹತ್ತನೇ ತರಗತಿಯ ಕೆಳಗೆ ಗೆರೆ ಬಿದ್ದಿರುತ್ತದೆ. ಮಾರ್ಚ್ ತಿಂಗಳಲ್ಲಿ ಅಲ್ಲಿಯೇ ತಟ್ಟೆ ಹಿಡಿದು ಕುಳಿತಿದ್ದ ಹುಡುಗಿ ಜೂನ್ ತಿಂಗಳಲ್ಲಿ ಅದೇ ಆವರಣದ ಇನ್ನೊಂದು ಬಾಗಿಲಿನಿಂದ ಒಳಗೆ ಬಂದರೆ, ಅವಳ ತಟ್ಟೆ ಆಚೆಯೇ ಉಳಿಯುತ್ತದೆ. ಆ ಮೂರು ತಿಂಗಳಲ್ಲಿ ಅವಳ ಮನೆಯ ಸ್ಥಿತಿ ಬದಲಾಗಿರುವುದಿಲ್ಲ. ಬದಲಾದದ್ದು ತರಗತಿಯ ಅಂಕಿ ಮಾತ್ರ. ಊಟವನ್ನು ಪಿಯು ತರಗತಿಗಳಿಗೂ ವಿಸ್ತರಿಸಬೇಕೆಂಬ ಮಾತು ಆಗಾಗ ಕೇಳಿಬಂದಿದೆ. ಅದು ಮಾತಾಗಿಯೇ ಉಳಿಯದಂತೆ ನೋಡಿಕೊಳ್ಳುವ ಹೊಣೆ ಹಳ್ಳಿಯವರದೂ ಹೌದು.

ಬೆಳೆಯುವ ದೇಹದ ಲೆಕ್ಕ

ಹದಿನಾರರಿಂದ ಹದಿನೆಂಟರವರೆಗಿನ ವಯಸ್ಸು ದೇಹವು ಎಲುಬನ್ನೂ ರಕ್ತವನ್ನೂ ಕೂಡಿಡುವ ಕಾಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ಈ ವಯಸ್ಸಿನ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣಾಂಶ, 1,050 ಮಿಲಿಗ್ರಾಂ ಸುಣ್ಣದಂಶ ಮತ್ತು ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಹುಡುಗನಿಗೆ ಬೇಕಾದ ಪ್ರೋಟೀನ್ ಸುಮಾರು 55 ಗ್ರಾಂ. ಬೇಕರಿಯ ಒಂದು ಪಫ್ಸ್, ಒಂದು ಪೊಟ್ಟಣ ಕುರುಕಲು ತಿಂಡಿ, ಒಂದು ಲೋಟ ಚಹಾ - ಇವು ಹಸಿವಿನ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚಬಲ್ಲವು, ಈ ಲೆಕ್ಕವನ್ನು ತುಂಬಲಾರವು. ಮೈದಾ, ಎಣ್ಣೆ, ಉಪ್ಪು, ಸಕ್ಕರೆಗಳ ಈ ಊಟದಲ್ಲಿ ಶಕ್ತಿಯಿದೆ, ಪುಷ್ಟಿಯಿಲ್ಲ.

ಪರಿಣಾಮವು ಸಮೀಕ್ಷೆಯ ಅಂಕಿಗಳಲ್ಲಿಯೇ ಕಾಣುತ್ತದೆ. 2019-21ರ ಅವಧಿಯ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಗುರುತಿಸಿತು. ಹತ್ತೊಂಬತ್ತರೊಳಗಿನ ಹುಡುಗಿಯರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಯ ಸ್ಥಿತಿ ಇದೇ ಆಗಿತ್ತು. ರಕ್ತಹೀನತೆಯುಳ್ಳ ವಿದ್ಯಾರ್ಥಿನಿ ಮಧ್ಯಾಹ್ನದ ಪಾಠದಲ್ಲಿ ತೂಕಡಿಸಿದರೆ ಅದನ್ನು ಸೋಮಾರಿತನವೆಂದು ಕರೆಯುವುದು ಸುಲಭ. ಮೆಟ್ಟಿಲು ಹತ್ತುವಾಗ ಏದುಸಿರು, ಓದಿದ್ದು ನಿಲ್ಲದಿರುವುದು, ಪದೇ ಪದೇ ತಲೆನೋವು - ಇವುಗಳ ಬೇರು ಪುಸ್ತಕದಲ್ಲಿಲ್ಲ, ತಟ್ಟೆಯಲ್ಲಿದೆ.

ಕಾಫಿಯ ನಾಡಿನಲ್ಲಿ ತಿಳಿದಿರಲೇಬೇಕಾದ ಇನ್ನೊಂದು ಅಂಶವಿದೆ. ಊಟದ ಜೊತೆಗೆ ಅಥವಾ ಊಟವಾದ ಕೂಡಲೆ ಕುಡಿಯುವ ಕಾಫಿ, ಚಹಾಗಳು ಕಾಳು-ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ಸಿ ಜೀವಸತ್ವವು ಅದೇ ಕಬ್ಬಿಣಾಂಶವನ್ನು ಹೀರಿಕೊಳ್ಳಲು ನೆರವಾಗುತ್ತದೆ. ರೊಟ್ಟಿಗೂ ಕಾಫಿಗೂ ನಡುವೆ ಒಂದು ಗಂಟೆಯ ಅಂತರವಿಟ್ಟು, ಸಾರಿಗೆ ಒಂದು ಹೋಳು ನಿಂಬೆಹಣ್ಣು ಹಿಂಡಿದರೆ, ಖರ್ಚಿಲ್ಲದೆ ಅಷ್ಟು ಲಾಭ ದೊರೆಯುತ್ತದೆ. ಇಂತಹ ಸರಳ ತಿಳಿವಳಿಕೆಯೂ ಪಠ್ಯಪುಸ್ತಕದಿಂದ ಅಡುಗೆಮನೆಗೆ ಇಳಿದಿಲ್ಲ.

ನಿಷೇಧದಿಂದ ಹೊಟ್ಟೆ ತುಂಬದು

ಕಾಲೇಜು ಆವರಣಗಳಲ್ಲಿ ಕುರುಕಲು ತಿಂಡಿಗಳ ಮಾರಾಟವನ್ನು ತಡೆಯಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2016ರಲ್ಲಿ ಸೂಚಿಸಿತು. 2018ರಲ್ಲಿ ಅದೇ ಸೂಚನೆಯನ್ನು ಮತ್ತೆ ನೆನಪಿಸಿತು. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ 50 ಮೀಟರ್ ಒಳಗೆ ಮಾರಬಾರದೆಂಬ ನಿಯಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ಹೊರಡಿಸಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಈ ಕ್ರಮಗಳೆಲ್ಲ ಅಗತ್ಯವೇ. ಆದರೆ ಬೇಡವೆಂದು ಹೇಳುವ ಆದೇಶ ಬಂದಷ್ಟು ಸುಲಭವಾಗಿ, ಬೇಕಾದುದನ್ನು ಬಡಿಸುವ ಆದೇಶ ಬರುವುದಿಲ್ಲ. ಬೇಕರಿಯ ಬಾಗಿಲು ಮುಚ್ಚಿಸಿ, ಊಟದ ಬಾಗಿಲು ತೆರೆಯದಿದ್ದರೆ ವಿದ್ಯಾರ್ಥಿ ಹಸಿದು ಕುಳಿತುಕೊಳ್ಳುತ್ತಾನೆ, ಅಷ್ಟೆ.

ಮನೆಯಿಂದ ಬುತ್ತಿ ಏಕೆ ತರಬಾರದು ಎಂಬ ಪ್ರಶ್ನೆ ಸಹಜ. ಆ ಪ್ರಶ್ನೆಯನ್ನು ತಾಯಿಯ ಮೇಲೆ ಹೊರಿಸುವ ಮುನ್ನ ಅವಳ ದಿನವನ್ನು ನೋಡಬೇಕು. ತೋಟದ ಕೆಲಸಕ್ಕೆ ಹೋಗುವವಳು ಬೆಳಗ್ಗೆಯೇ ಹೊರಡಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅವಳಿಗೆ ಮನೆಯೇ ಎರಡನೆಯ ಜಾಗ. ಮಗಳು ಏಳು ಗಂಟೆಗೆ ಮನೆ ಬಿಡಬೇಕಾದರೆ ಅನ್ನ, ಪಲ್ಯ ಐದೂವರೆಗೆ ಒಲೆಯ ಮೇಲಿರಬೇಕು. ಇಷ್ಟೆಲ್ಲ ಮಾಡಿ ಡಬ್ಬಿ ತುಂಬಿದರೂ ಅದನ್ನು ಬಿಚ್ಚಿ ಕುಳಿತುಕೊಳ್ಳಲು ಕಾಲೇಜಿನಲ್ಲಿ ಜಾಗ ಬೇಕು, ಕೈ ತೊಳೆಯಲು ನೀರು ಬೇಕು, ಉಣ್ಣಲು ಅರ್ಧ ಗಂಟೆಯ ಬಿಡುವು ಬೇಕು. ಎಷ್ಟೋ ಕಾಲೇಜುಗಳಲ್ಲಿ ಈ ಮೂರೂ ಒಟ್ಟಿಗೆ ದೊರೆಯುವುದಿಲ್ಲ.

ಇದಕ್ಕೆ ನಾಚಿಕೆಯೂ ಸೇರುತ್ತದೆ. ಪೇಟೆಯ ಕಾಲೇಜಿನಲ್ಲಿ ಅಕ್ಕಿ ರೊಟ್ಟಿ ಬಿಚ್ಚಿದರೆ ಹಳ್ಳಿಯವಳೆಂದು ಗುರುತಾಗುತ್ತದೆ, ಪೊಟ್ಟಣ ಹರಿದರೆ ಎಲ್ಲರಂತಾಗುತ್ತಾಳೆ. ಜಾಹೀರಾತು ಕಲಿಸಿದ ಈ ಪಾಠ ಬಹು ದುಬಾರಿಯದು. ಬಣ್ಣದ ಪೊಟ್ಟಣ ಕಾಲೇಜಿನ ಹಿಂದಿನ ಚರಂಡಿಗೆ, ಅಲ್ಲಿಂದ ಮಳೆಗಾಲದಲ್ಲಿ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ ಸೇರುತ್ತದೆ. ಮನೆಯ ರೊಟ್ಟಿಗೆ ಅವಮಾನ ಮಾಡಿದ ತಿನಿಸು ಹೊಳೆಯನ್ನೂ ಕೆಡಿಸಿ ಹೋಗುತ್ತದೆ.

ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ

ಓದುವ ಮಕ್ಕಳಿಗೆ ಊಟ ಹಾಕುವುದು ಕನ್ನಡ ನಾಡಿಗೆ ಹೊಸ ವಿಚಾರವಲ್ಲ. ದಿನಕ್ಕೊಂದು ಮನೆಯಂತೆ ವಾರವಿಡೀ ಉಂಡು ಓದಿದ ವಾರಾನ್ನದ ಹುಡುಗರ ಕಥೆ ಹಳೆಯ ಮೈಸೂರು ಸೀಮೆಯ ಹಿರಿಯರಿಗೆ ತಿಳಿದದ್ದೇ. ಆ ಪದ್ಧತಿಯಲ್ಲಿ ಔದಾರ್ಯವಿತ್ತು. ಜಾತಿಯ ಗೋಡೆಯೂ ಇತ್ತು. ಎಲ್ಲ ಮನೆಗಳ ಬಾಗಿಲೂ ಎಲ್ಲ ಹುಡುಗರಿಗೂ ತೆರೆದಿರಲಿಲ್ಲ. ಹುಡುಗಿಯರ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು ಮಠಗಳು, ಸಮುದಾಯಗಳು, ಕೊನೆಗೆ ಸರ್ಕಾರವೇ ವಿದ್ಯಾರ್ಥಿನಿಲಯಗಳನ್ನು ತೆರೆಯಬೇಕಾಯಿತು.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸುಮಾರು ಹತ್ತು ಸಾವಿರ ವಿದ್ಯಾರ್ಥಿಗಳು ಊಟ-ವಸತಿಗಳನ್ನು ಪಡೆದು ಓದುವ ವ್ಯವಸ್ಥೆ ಬೆಳೆದದ್ದು ಎಲ್ಲರಿಗೂ ತಿಳಿದಿದೆ. 2019ರ ಜನವರಿಯಲ್ಲಿ ಶಿವೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅದು ನಾಡಿಗೇ ಮಾದರಿಯಾಯಿತು. ಅಲ್ಲಿಂದ ಕಲಿಯಬೇಕಾದದ್ದು ಭಕ್ತಿಯೊಂದನ್ನೇ ಅಲ್ಲ. ರಾಗಿ ಮುದ್ದೆ, ಅನ್ನ, ಸಾರಿನ ಸರಳ ಊಟವನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ನಡೆಸುವುದು ಸಾಧ್ಯವಾದದ್ದು ಸುತ್ತಲಿನ ರೈತರ ಕಣಕ್ಕೂ ಮಠದ ಉಗ್ರಾಣಕ್ಕೂ ನೇರವಾದ ದಾರಿಯಿದ್ದುದರಿಂದ.

ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು ಮಲೆನಾಡಿನ ಎಷ್ಟೋ ಮಕ್ಕಳನ್ನು ಪದವಿಯವರೆಗೆ ದಾಟಿಸಿವೆ. ಆದರೆ ಅರ್ಜಿ ಹಾಕಿದವರಿಗೆಲ್ಲ ಅಲ್ಲಿ ಜಾಗವಿರುವುದಿಲ್ಲ. ಜಾಗ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013-14ರಲ್ಲಿ ಬಂದ ವಿದ್ಯಾಸಿರಿ ಯೋಜನೆಯು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವನ್ನು ನಿಗದಿ ಮಾಡಿತು. ದಿನಕ್ಕೆ 50 ರೂಪಾಯಿ; ಅದರಲ್ಲಿಯೇ ಬಾಡಿಗೆ, ಅದರಲ್ಲಿಯೇ ಊಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ಸಿನ ಖರ್ಚು ಉಳಿಯಿತು. ದೂರದ ಕಾಲೇಜಿಗೆ ಹೋಗುವುದು ಸಾಧ್ಯವಾಯಿತು. ಆದರೆ ದಾರಿ ದೂರವಾದಷ್ಟೂ ಮನೆಯ ಒಲೆಯೂ ದೂರವಾಗುತ್ತದೆ. ದಿನವೂ ಮನೆಯಿಂದ ಹೋಗಿಬರುವ ವಿದ್ಯಾರ್ಥಿಗೆ ಶಾಲೆಯ ಬಿಸಿಯೂಟವೂ ಇಲ್ಲ, ನಿಲಯದ ಊಟವೂ ಇಲ್ಲ. ಎರಡು ಯೋಜನೆಗಳ ನಡುವಿನ ಸಂದಿಯಲ್ಲಿ ಸಿಲುಕಿದವರು ಇವರೇ.

ಏಳು ಎಕರೆಯ ಲೆಕ್ಕ

ಇನ್ನು ಗದ್ದೆಯ ಕಡೆಗೆ ತಿರುಗಬೇಕು. ಸಕಲೇಶಪುರ, ಆಲೂರು ತಾಲ್ಲೂಕುಗಳ ಕಣಿವೆಗಳಲ್ಲಿ ಒಂದು ಕಾಲಕ್ಕೆ ಮಳೆಗಾಲದಲ್ಲಿ ಹಸಿರು ಹಾಸಿದಂತೆ ಕಾಣುತ್ತಿದ್ದ ಭತ್ತದ ಗದ್ದೆಗಳಲ್ಲಿ ಹಲವು ಇಂದು ಹಡ್ಲು ಬಿದ್ದಿವೆ. ಕೆಲವು ಅಡಿಕೆಗೆ, ಕೆಲವು ಕಾಫಿಗೆ, ಕೆಲವು ಗುತ್ತಿಗೆಯ ಶುಂಠಿಗೆ ತಿರುಗಿವೆ. ಕಾರಣಗಳು ಎಲ್ಲರಿಗೂ ಗೊತ್ತು: ಕೂಲಿಯ ಅಭಾವ, ಸಿಗದ ಬೆಲೆ, ಎಲ್ಲಕ್ಕಿಂತ ಮಿಗಿಲಾಗಿ ಆನೆ. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆಯು 2012ರ ವರದಿಯಲ್ಲಿ ಈ ಭಾಗದ ಆನೆಗಳನ್ನು ಸ್ಥಳಾಂತರಿಸಬೇಕೆಂದು ಶಿಫಾರಸು ಮಾಡಿತ್ತು. 2014ರಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ಸಂಘರ್ಷ ಅಲ್ಲಿಗೆ ನಿಲ್ಲಲಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಕಳೆದುಕೊಂಡ ರೈತನು ಮರುವರ್ಷ ನಾಟಿ ಮಾಡದಿದ್ದರೆ ಅವನನ್ನು ದೂರಲಾಗದು.

ಗದ್ದೆ ಹೋದರೆ ಭತ್ತವೊಂದೇ ಹೋಗುವುದಿಲ್ಲ. ಬದುವಿನ ಸೊಪ್ಪು, ಕಾಲುವೆಯ ಏಡಿ-ಮೀನು, ಕೊಯ್ಲಾದ ಮೇಲೆ ತೇವದಲ್ಲಿ ಬೆಳೆಯುತ್ತಿದ್ದ ಅಲಸಂದೆ, ಉದ್ದು, ಬೇಸಿಗೆಯ ಸೌತೆ-ಕುಂಬಳ, ದನದ ಹುಲ್ಲು, ಹುಲ್ಲಿನಿಂದ ಹಾಲು - ಇವೆಲ್ಲ ಒಂದರ ಹಿಂದೆ ಒಂದರಂತೆ ಮನೆಯ ತಟ್ಟೆಯಿಂದ ಕೆಳಗಿಳಿಯುತ್ತವೆ. ಮಳೆಯ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿ ನೆಲಕ್ಕೆ ಇಳಿಸುತ್ತಿದ್ದ ಸಾವಿರಾರು ಸಣ್ಣ ಕಟ್ಟೆಗಳೂ ಹೋಗುತ್ತವೆ. ಆಗ ಬೆಟ್ಟದ ಮನೆಯೂ ಪೇಟೆಯ ಅಂಗಡಿಯಿಂದ ಅಕ್ಕಿ ತರುತ್ತದೆ, ಪೇಟೆಯ ಅಂಗಡಿಯಿಂದ ಪೊಟ್ಟಣವನ್ನೂ ತರುತ್ತದೆ.

ಇಲ್ಲೊಂದು ಸರಳ ಲೆಕ್ಕ ಮಾಡಿ ನೋಡಬಹುದು. ಹಿರಿಯ ಪ್ರಾಥಮಿಕ ಮಕ್ಕಳ ಬಿಸಿಯೂಟಕ್ಕೆ ನಿಗದಿಯಾದ ಪ್ರಮಾಣ ತಲಾ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ-ಕಾಳು, 75 ಗ್ರಾಂ ತರಕಾರಿ. ಅದನ್ನೇ ಹಿಡಿದರೆ 200 ವಿದ್ಯಾರ್ಥಿಗಳ ಒಂದು ಕಾಲೇಜಿಗೆ ದಿನಕ್ಕೆ 30 ಕಿಲೋ ಅಕ್ಕಿ, 6 ಕಿಲೋ ಕಾಳು, 15 ಕಿಲೋ ತರಕಾರಿ ಬೇಕು. ವರ್ಷಕ್ಕೆ 200 ದಿನ ಕಾಲೇಜು ನಡೆದರೆ ಒಟ್ಟು 60 ಕ್ವಿಂಟಾಲ್ ಅಕ್ಕಿ. ನೂರು ಕಿಲೋ ಭತ್ತಕ್ಕೆ 65 ಕಿಲೋ ಅಕ್ಕಿಯಂತೆ ಎಣಿಸಿದರೆ ಸುಮಾರು 92 ಕ್ವಿಂಟಾಲ್ ಭತ್ತ. ನಾಟಿ ತಳಿಯು ಎಕರೆಗೆ 13 ಕ್ವಿಂಟಾಲ್ ಮಾತ್ರ ಕೊಡುತ್ತದೆಂದು ಮಿತವಾಗಿ ಹಿಡಿದರೂ, ಏಳು ಎಕರೆ ಗದ್ದೆ ಸಾಕು. ಇನ್ನೂರು ಮಕ್ಕಳ ವರ್ಷದ ಅನ್ನಕ್ಕೆ ಏಳು ಎಕರೆ! ಅಷ್ಟು ಹಡ್ಲು ಗದ್ದೆ ಕಾಣದ ಊರು ಈ ಸೀಮೆಯಲ್ಲಿ ಕಡಿಮೆ.

ನಾಟಿ ಅಕ್ಕಿಯ ಬೆಲೆ ಸರ್ಕಾರದ ಅಕ್ಕಿಯ ಬೆಲೆಗಿಂತ ಹೆಚ್ಚೆಂಬುದು ನಿಜ. ಆದ್ದರಿಂದ ಮೊದಲ ದಿನವೇ ಎಲ್ಲವೂ ಸ್ಥಳೀಯವಾಗಬೇಕೆಂಬ ಹಟ ಬೇಡ. ವಾರದ ಆರು ದಿನಗಳಲ್ಲಿ ಎರಡು ದಿನ ಊರಿನ ಅಕ್ಕಿ, ಎರಡು ದಿನ ಅರಸೀಕೆರೆ-ಚನ್ನರಾಯಪಟ್ಟಣಗಳ ಬಯಲಿನಿಂದ ಬರುವ ರಾಗಿ, ಉಳಿದ ದಿನ ಸರ್ಕಾರದ ಅಕ್ಕಿ ಎಂದು ತೊಡಗಿದರೆ, ಒಂದು ಕಾಲೇಜಿಗೆ ಎರಡೂವರೆ ಎಕರೆ ಗದ್ದೆ ಮರಳಿ ಹಸಿರಾಗುತ್ತದೆ. ಒಬ್ಬೊಬ್ಬನೇ ಅಲ್ಲಲ್ಲಿ ನಾಟಿ ಮಾಡಿದರೆ ಆನೆಗೆ ಸುಲಭದ ತುತ್ತು. ಊರಿಗೆ ಹತ್ತಿರದ ಒಂದೇ ಬಯಲಿನಲ್ಲಿ ನಾಲ್ಕಾರು ಮಂದಿ ಒಟ್ಟಾಗಿ ನಾಟಿ ಮಾಡಿದರೆ ಸೌರ ಬೇಲಿಯ ಖರ್ಚು, ಅಟ್ಟಣೆಯ ಕಾವಲು ಎರಡನ್ನೂ ಹಂಚಿಕೊಳ್ಳಬಹುದು. ಇದರಿಂದ ಆನೆಯ ಸಮಸ್ಯೆ ಬಗೆಹರಿಯುವುದಿಲ್ಲ. ಆದರೆ ಬೆಳೆದ ಭತ್ತಕ್ಕೆ ಖಚಿತ ಬೆಲೆಯೂ ಖಚಿತ ಕೊಳ್ಳುವವರೂ ಇದ್ದಾಗ ಕಾವಲು ಕಾಯುವುದಕ್ಕೊಂದು ಅರ್ಥ ಬರುತ್ತದೆ.

ತಟ್ಟೆಯ ಮೇಲೆ ಬೆಟ್ಟ

ಇಂತಹ ಊಟಕ್ಕೆ ಹೊರಗಿನಿಂದ ಯಾವ ಹೊಸ ಆಹಾರವನ್ನೂ ತರಬೇಕಾಗಿಲ್ಲ. ರಾಜಮುಡಿ, ಆಲೂರು ಸಣ್ಣದಂತಹ ತಳಿಗಳು ಈ ಜಿಲ್ಲೆಯ ಹೆಸರನ್ನೇ ಹೊತ್ತು ಬೆಳೆದವು. ತವುಡನ್ನು ಪೂರ್ತಿ ತೆಗೆಯದ ಅಕ್ಕಿಯಲ್ಲಿ ನಾರಿನಂಶವೂ ಬಿ ಗುಂಪಿನ ಜೀವಸತ್ವಗಳೂ ಉಳಿಯುತ್ತವೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ವಾರಕ್ಕೆ ಎರಡು ದಿನ ಮುದ್ದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ. ಹುರುಳಿ, ಅವರೆ, ಅಲಸಂದೆಗಳ ಸಾರು, ನುಗ್ಗೆ, ಹೊನಗೊನ್ನೆ, ದಂಟಿನ ಸೊಪ್ಪು, ಮಳೆಗಾಲದಲ್ಲಿ ಒಣಗಿಸಿಟ್ಟ ಹಲಸಿನ ಬೀಜ, ತಿನ್ನುವವರಿಗೆ ಮೊಟ್ಟೆ. ಮೊಟ್ಟೆಯ ಬದಲಿಗೆ ಬಾಳೆಹಣ್ಣೊಂದನ್ನೇ ಕೊಟ್ಟು ಸುಮ್ಮನಾಗಬಾರದು. ಅದರ ಪ್ರೋಟೀನನ್ನು ತುಂಬಲು ಕಾಳಿನ ಪ್ರಮಾಣವನ್ನು ಹೆಚ್ಚಿಸಬೇಕು. ಕಾಫಿ ತೋಟಗಳ ನೆರಳಿನಲ್ಲಿ ಹಲಸು, ಸೀಬೆ, ಬೆಣ್ಣೆಹಣ್ಣು, ಚಕ್ಕೋತಗಳು ಉದುರಿ ಕೊಳೆಯುವಾಗ, ಅದೇ ತೋಟದ ಲೈನ್ ಮನೆಯ ಹುಡುಗ ಹತ್ತು ರೂಪಾಯಿಯ ಪೊಟ್ಟಣ ತಿಂದು ಮಧ್ಯಾಹ್ನ ಕಳೆಯುವುದು ವಿಪರ್ಯಾಸ.

ಒಂದು ಎಚ್ಚರಿಕೆಯ ಮಾತೂ ಅಗತ್ಯ. ಕಳಲೆ, ಅಣಬೆ, ಕಾಡುಸೊಪ್ಪುಗಳು ಮಲೆನಾಡಿನ ಮನೆಯ ಅಡುಗೆಯ ಹೆಮ್ಮೆ. ಆದರೆ ನೂರಾರು ಮಂದಿಯ ಅಡುಗೆಗೆ ಕಾಡನ್ನು ನೆಚ್ಚಿಕೊಳ್ಳಬಾರದು. ಮನೆಗೆ ಒಂದು ಹಿಡಿ ತಂದಾಗ ಬಿದಿರ ಮೆಳೆ ಉಳಿಯುತ್ತದೆ. ಲಾರಿಗೆ ತುಂಬಿದಾಗ ಉಳಿಯುವುದಿಲ್ಲ. ಸಾಮೂಹಿಕ ಊಟವು ಗದ್ದೆ, ಹಿತ್ತಿಲು, ತೋಟಗಳ ಮೇಲೆ ನಿಲ್ಲಬೇಕು. ಕಾಡು ಕಾಡಾಗಿಯೇ ಇರಬೇಕು.

ಆಗಬೇಕಾದದ್ದು

ಮೊದಲನೆಯದಕ್ಕೆ ದೊಡ್ಡ ಹಣ ಬೇಡ. ಪ್ರತಿ ಕಾಲೇಜಿನಲ್ಲಿ ಊಟಕ್ಕೊಂದು ಕೊಠಡಿ, ಕುಡಿಯಲು ಮತ್ತು ಕೈ ತೊಳೆಯಲು ನೀರು, ವೇಳಾಪಟ್ಟಿಯಲ್ಲಿ ಅರ್ಧ ಗಂಟೆ. ಕಾಲೇಜು ಅಭಿವೃದ್ಧಿ ಸಮಿತಿಯು ಒಂದು ಸಭೆಯಲ್ಲಿ ತೀರ್ಮಾನಿಸಬಹುದಾದ ಕೆಲಸವಿದು. ಬುತ್ತಿ ತರುವವರ ನಾಚಿಕೆಯೂ ಹತ್ತು ಮಂದಿ ಒಟ್ಟಿಗೆ ಕುಳಿತಾಗ ತಾನಾಗಿ ಕಳೆಯುತ್ತದೆ.

ಎರಡನೆಯದಾಗಿ, ಬಿಸಿಯೂಟದ ಅಡುಗೆಮನೆ ಈಗಾಗಲೇ ಇರುವ ಸಂಯುಕ್ತ ಕಾಲೇಜುಗಳಲ್ಲಿ ಪದವಿ ಪೂರ್ವ ವಿದ್ಯಾರ್ಥಿಗಳನ್ನೂ ಊಟದ ಲೆಕ್ಕಕ್ಕೆ ಸೇರಿಸಬೇಕು. ಕಟ್ಟಡ, ಪಾತ್ರೆ, ಒಲೆ ಅಲ್ಲಿವೆ. ಆದರೆ ಅಡುಗೆಯವರ ಗೌರವಧನವನ್ನು ಹೆಚ್ಚಿಸದೆ ನೂರು ತಟ್ಟೆಗಳನ್ನು ಸೇರಿಸುವುದು ಅನ್ಯಾಯ. ಆ ಅಡುಗೆಯವರೂ ಇದೇ ಹಳ್ಳಿಗಳ ಬಡ ಹೆಣ್ಣುಮಕ್ಕಳು.

ಮೂರನೆಯದು ಪದವಿ ಕಾಲೇಜುಗಳ ವಿಚಾರ. ಅಲ್ಲಿ ಸ್ತ್ರೀಶಕ್ತಿ ಸಂಘಗಳು ನಡೆಸುವ ಕಡಿಮೆ ಬೆಲೆಯ ಊಟದ ಮನೆಗಳನ್ನು ಯೋಚಿಸಬಹುದು. ಕೇರಳದಲ್ಲಿ ಕುಟುಂಬಶ್ರೀ ಮಹಿಳೆಯರು 2020ರಿಂದ ನಡೆಸಿದ ಜನಕೀಯ ಹೋಟೆಲುಗಳಲ್ಲಿ 20 ರೂಪಾಯಿಗೆ ಊಟ ದೊರೆಯುತ್ತಿತ್ತು. ಊಟವೊಂದಕ್ಕೆ 10 ರೂಪಾಯಿಯಂತೆ ಸರ್ಕಾರ ಕೊಡುತ್ತಿದ್ದ ಸಹಾಯಧನವು 2023ರ ಆಗಸ್ಟ್‌ನಲ್ಲಿ ನಿಂತಾಗ ಅವು ಸಂಕಷ್ಟಕ್ಕೆ ಸಿಲುಕಿದವು. ಹಳ್ಳಿಯ ಮಹಿಳೆಯರು ಇಂತಹ ಕೆಲಸವನ್ನು ಸಮರ್ಥವಾಗಿ ನಡೆಸಬಲ್ಲರೆಂಬುದು ಅಲ್ಲಿಯ ಒಂದು ಪಾಠ. ಸಹಾಯಧನವನ್ನು ಕಾನೂನಿನ ಬಲದಲ್ಲಿ ಭದ್ರಪಡಿಸದಿದ್ದರೆ ಅವರ ಶ್ರಮ ನೀರಿನ ಪಾಲಾಗುತ್ತದೆಂಬುದು ಇನ್ನೊಂದು ಪಾಠ. ಫಿನ್ಲೆಂಡ್ ದೇಶವು ಉನ್ನತ ಶಿಕ್ಷಣದ ವಿದ್ಯಾರ್ಥಿಗಳ ಊಟಕ್ಕೆ 1979ರಿಂದಲೂ ಸರ್ಕಾರಿ ನೆರವು ನೀಡುತ್ತ ಬಂದಿದೆ. ಅಲ್ಲಿ ಅದನ್ನು ದಾನವೆಂದು ಕರೆಯುವುದಿಲ್ಲ.

ನಾಲ್ಕನೆಯದು ಖರೀದಿ. ವಿದ್ಯಾರ್ಥಿನಿಲಯಗಳಿಗೂ ಊಟದ ಮನೆಗಳಿಗೂ ಬೇಕಾದ ತರಕಾರಿ, ಅಕ್ಕಿ, ಕಾಳುಗಳಲ್ಲಿ ಒಂದು ನಿಗದಿತ ಪಾಲನ್ನು ಸ್ಥಳೀಯ ರೈತ ಉತ್ಪಾದಕ ಸಂಸ್ಥೆಗಳಿಂದಲೇ ಕೊಳ್ಳಬೇಕೆಂಬ ನಿಯಮ ಬರಬೇಕು. ಟೆಂಡರಿನ ಷರತ್ತುಗಳನ್ನು ಎರಡು ಎಕರೆಯ ರೈತ ಪೂರೈಸಲಾರ. ಹತ್ತಾರು ರೈತರು ಸೇರಿದ ಸಂಸ್ಥೆ ಪೂರೈಸಬಲ್ಲದು. ಬ್ರೆಜಿಲ್ ದೇಶವು 2009ರ ಕಾನೂನಿನಲ್ಲಿ ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದ ಕನಿಷ್ಠ ಶೇ. 30ರಷ್ಟನ್ನು ಸಣ್ಣ ರೈತ ಕುಟುಂಬಗಳ ಉತ್ಪನ್ನಗಳಿಗೇ ಮೀಸಲಿರಿಸಿತು. ಮಕ್ಕಳ ಊಟವನ್ನೇ ರೈತನ ಮಾರುಕಟ್ಟೆಯಾಗಿ ಮಾಡಿದ ಆ ಕ್ರಮ ಇಲ್ಲಿಗೂ ಒಗ್ಗುವಂತಹದು.

ಕೊನೆಯ ಮಾತು

ಕಾಲೇಜಿನವರು ದೊಡ್ಡವರಾದರು, ತಮ್ಮ ಊಟ ತಾವೇ ನೋಡಿಕೊಳ್ಳಲಿ ಎಂಬ ವಾದ ಕೇಳಿಬರುವುದುಂಟು. ಆದಾಯವಿಲ್ಲದ, ಮನೆಯಿಂದ ಮೂವತ್ತು ಕಿಲೋಮೀಟರು ದೂರದಲ್ಲಿ ದಿನ ಕಳೆಯುವ ಹದಿನೇಳರ ಹುಡುಗಿಗೆ ಈ ಮಾತು ಹೇಳುವವರು, ಅವಳ ಚೀಲದಲ್ಲಿರುವ ಹಣವನ್ನೂ ಒಮ್ಮೆ ಎಣಿಸಿ ನೋಡಬೇಕು. ಎಲ್ಲದಕ್ಕೂ ಸರ್ಕಾರವೇ ಏಕೆ ಎಂಬ ಪ್ರಶ್ನೆಗೂ ಉತ್ತರ ಸರಳ. ಊರಿನವರ ಪಾಲೂ ಇದರಲ್ಲಿ ಇದೆ. ತೋಟದ ಮಾಲೀಕರು ಹಣ್ಣು ಕೊಡಬಹುದು, ಗದ್ದೆಯವರು ಒಕ್ಕಣೆಯ ದಿನ ಒಂದು ಮೂಟೆ ಭತ್ತ ಎತ್ತಿಡಬಹುದು, ವಿದ್ಯಾರ್ಥಿಗಳು ಕಾಲೇಜಿನ ಹಿತ್ತಿಲಲ್ಲಿ ನುಗ್ಗೆ-ಪಪಾಯಿ ನೆಡಬಹುದು, ಉಳಿದ ಅನ್ನವನ್ನು ಗೊಬ್ಬರದ ಗುಂಡಿಗೆ ಹಾಕುವ ಹೊಣೆ ಹೊರಬಹುದು. ಆದರೆ ದಿನನಿತ್ಯದ ಊಟ ದಾನದ ಮೇಲೆ ನಡೆಯಲಾರದು. ಅದು ಹಕ್ಕಿನ ಮೇಲೆ ನಡೆಯಬೇಕು.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪಗಳ ಜೊತೆಗೆ ಈ ಎರಡು ಪ್ರಶ್ನೆಗಳೂ ಏಳಲಿ: ಈ ಪಂಚಾಯಿತಿಯಿಂದ ದಿನವೂ ಎಷ್ಟು ಮಕ್ಕಳು ಮಧ್ಯಾಹ್ನದ ಊಟವಿಲ್ಲದೆ ಕಾಲೇಜಿಗೆ ಹೋಗುತ್ತಿದ್ದಾರೆ? ಈ ಪಂಚಾಯಿತಿಯಲ್ಲಿ ಎಷ್ಟು ಎಕರೆ ಗದ್ದೆ ಹಡ್ಲು ಬಿದ್ದಿದೆ? ಎರಡೂ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು, ಒಂದು ಪ್ರತಿಯನ್ನು ಶಾಸಕರಿಗೆ, ಇನ್ನೊಂದನ್ನು ಕಾಲೇಜಿನ ಪ್ರಾಂಶುಪಾಲರಿಗೆ ಕಳುಹಿಸುವುದಕ್ಕೆ ಯಾವ ಬಜೆಟ್ಟೂ ಬೇಡ. ಆ ಹಾಳೆಯನ್ನು ಸಿದ್ಧಪಡಿಸಬಲ್ಲವರು ಬೆಳಗಿನ ಏಳೂವರೆಗೆ ಹೆದ್ದಾರಿಯ ಅಂಚಿನಲ್ಲಿ ಬಸ್ಸಿಗಾಗಿ ಕಾಯುತ್ತಿರುವ ವಿದ್ಯಾರ್ಥಿಗಳೇ. ಹಸಿವು ಅವರದು, ಗದ್ದೆ ಅವರ ತಂದೆ-ತಾಯಿಯರದು. ಲೆಕ್ಕ ಕೇಳುವ ಅಧಿಕಾರವೂ ಅವರದೇ.